ನಾನು ಅಳಿಸಿದ ಕಲೆ

ಗುಬ್ಬಿಯ ಬಸ್ ನಿಲ್ದಾಣದ ಎದುರು ಒಂದು ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ನಾನು ಕೆಲಸ ಮಾಡುತ್ತಿದ್ದ ಫೋಟೋ ಸ್ಟುಡಿಯೋ ಇತ್ತು. ಓನರ್ ಮದುವೆ, ನಾಮಕರಣ ಎಂದು ಕ್ಯಾಮೆರಾ ಹೊತ್ತು ಹೊರಗೇ ಇರುತ್ತಿದ್ದರು. ಅಂಗಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದು ನನ್ನ ಕೆಲಸ. ಪಿಯುಸಿ ಮುಗಿಸಿ, ತುಮಕೂರಿನಲ್ಲಿ ಆರು ತಿಂಗಳ ಕೋರ್ಸ್ ಮಾಡಿ ಅಲ್ಲಿಗೆ ಸೇರಿದವಳು ಒಂಬತ್ತು ವರ್ಷ ಅದೇ ಕುರ್ಚಿಯ ಮೇಲೆ ಕೂತೆ.

ಪಾಸ್‌ಪೋರ್ಟ್ ಸೈಜ್ ಫೋಟೋ, ಸತ್ತವರ ಫೋಟೋಗೆ ಹಾರ ಸೇರಿಸುವುದು, ಇವೆಲ್ಲ ದಿನಾ ಇರುತ್ತಿದ್ದವು. ನನಗೆ ಹುರುಪು ಬರುತ್ತಿದ್ದುದು ಗಂಡಿನ ಕಡೆಯವರಿಗೆ ಕಳಿಸಲು ಹೆಣ್ಣುಮಕ್ಕಳ ಫೋಟೋ ಬಂದಾಗ. ಮೊಡವೆ ತೆಗೆಯುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಮೈಬಣ್ಣ ಸ್ವಲ್ಪ ತಿಳಿ ಮಾಡುವುದು. ಕೆಲವರು ಕೇಳುತ್ತಿದ್ದರು, ಕೇಳದವರಿಗೂ ನಾನೇ ಮಾಡಿಕೊಡುತ್ತಿದ್ದೆ. ಆ ಸ್ಟುಡಿಯೋ ಹುಡುಗಿ ಕೈಗೆ ಫೋಟೋ ಕೊಟ್ಟರೆ ಸಂಬಂಧ ಕುದುರುತ್ತೆ ಎಂದು ಸುತ್ತಲ ಹಳ್ಳಿಗಳಲ್ಲಿ ಮಾತಿತ್ತು. ಆ ಮಾತು ಕಿವಿಗೆ ಬಿದ್ದ ದಿನವೆಲ್ಲ ನಾನು ಖುಷಿಯಾಗಿರುತ್ತಿದ್ದೆ.

ಹಾಗೆ ಬಂದವಳೇ ಅವಳು. ಗುಬ್ಬಿಯಿಂದ ಐದಾರು ಕಿಲೋಮೀಟರ್ ದೂರದ ಹಳ್ಳಿ. ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ ಇದ್ದ ಮನೆ. ತಂದೆ ಇರಲಿಲ್ಲ. ತಾಯಿ ಜೊತೆಯಲ್ಲಿ ಬಂದಿದ್ದರು. ಅವಳಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ, ಹೆಚ್ಚುಕಮ್ಮಿ ನನ್ನದೇ ವಯಸ್ಸು. ಸ್ಟೂಲಿನ ಮೇಲೆ ಕೂತವಳು ತಲೆಯನ್ನು ಎಡಕ್ಕೆ ತಿರುಗಿಸಿಕೊಂಡೇ ಇದ್ದಳು. ಓನರ್ ಎರಡು ಸಲ ನೇರ ಮಾಡಿದರು, ಎರಡು ಸಲವೂ ಅದು ತಾನಾಗಿ ಹಿಂದಕ್ಕೆ ಹೋಯಿತು. ಮೂರನೆಯ ಸಲ ನೇರವಾಗಿ ಕೂತಾಗ ಕಾಣಿಸಿತು. ಎಡಗಿವಿಯ ಕೆಳಗಿನಿಂದ ದವಡೆಯವರೆಗೆ ಸುಟ್ಟ ಗಾಯದ ಹಳೆಯ ಕಲೆ. ಚರ್ಮ ಅಲ್ಲಿ ಸುಕ್ಕಾಗಿ ಹೊಳೆಯುತ್ತಿತ್ತು.

"ಮೂರು ವರ್ಸದೋಳಿದ್ದಾಗ ಮುದ್ದೆ ಎಸರು ಎಳ್ಕೊಂಡ್ಬುಟ್ಲು," ಎಂದರು ತಾಯಿ ನನ್ನ ಪಕ್ಕ ಬಂದು, ದನಿ ತಗ್ಗಿಸಿ. "ಅದೊಂದು ಕಾಣ್ದಂಗೆ ಮಾಡವ್ವ. ನೋಡೋಕ್ ಬಂದಾಗ ಹೆಂಗೂ ಗೊತ್ತಾಯ್ತದೆ. ಮೊದ್ಲು ಮನೆಗಂಟ ಬರ್ಲಿ."

ಆ ಕಲೆ ತೆಗೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಬಲಗೆನ್ನೆಯ ಚರ್ಮವನ್ನು ಸ್ವಲ್ಪ ಸ್ವಲ್ಪವಾಗಿ ತಂದು ಎಡಗೆನ್ನೆಗೆ ಕೂಡಿಸಿದೆ. ದವಡೆಯ ಗೆರೆ ತಿದ್ದಿದೆ. ಬಣ್ಣ ತಿಳಿ ಮಾಡಿದೆ. ಮುಗಿದಮೇಲೆ ಅವಳನ್ನು ಕರೆದು ತೋರಿಸಿದೆ. ಸ್ಕ್ರೀನಿನ ಹತ್ತಿರ ಬಗ್ಗಿ ತುಂಬಾ ಹೊತ್ತು ನೋಡಿದಳು.

"ಚೆನ್ನಾಗವ್ಳೆ," ಎಂದಳು. "ಯಾರಿವ್ಳು?"

ನಾನು ನಕ್ಕೆ. ಅವಳೂ ನಕ್ಕಳು. ತಿದ್ದುವ ಮುಂಚಿನ ಫೋಟೋ ಏನು ಮಾಡ್ತೀರಿ ಎಂದು ಕೇಳಿದಳು. ಅದೂ ಕಂಪ್ಯೂಟರಿನಲ್ಲೇ ಬೇರೆ ಫೋಲ್ಡರಿನಲ್ಲಿ ಇರುತ್ತೆ, ಯಾರಿಗೂ ಕೊಡಲ್ಲ ಎಂದೆ. ಸರಿ ಎಂದು ತಲೆಯಾಡಿಸಿ, ತಾಯಿಯ ಹಿಂದೆ ಮೆಟ್ಟಿಲಿಳಿದು ಹೋದಳು.

ಆ ವರ್ಷವೇ ಮದುವೆಯಾಯಿತು. ಹುಡುಗ ಕುಣಿಗಲ್ ಕಡೆಯವನು. ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ರಸ್ತೆಯಲ್ಲಿ, ಕುಣಿಗಲ್ ಇನ್ನೂ ಕೆಲವು ಮೈಲಿ ಇರುವಾಗ ಸಿಗುವ ಒಂದು ಊರು. ರಸ್ತೆ ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದ. ಕಲೆ ನೋಡಿಯೇ ಒಪ್ಪಿದನಂತೆ. ಒಂದು ಸಲ ಅವಳ ತಾಯಿ ಗುಬ್ಬಿ ಸಂತೆಗೆ ಬಂದಾಗ ಸ್ಟುಡಿಯೋಗೆ ಹತ್ತಿ ಬಂದು, "ನಿನ್ ಕೈಗುಣ ಕಣವ್ವ" ಎಂದು ಹೇಳಿ, ತೋಟದ ಎರಡು ಎಳನೀರು ಕೊಟ್ಟು ಹೋದರು.

ಮೂರು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲೇ ಆ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವಳ ಅಣ್ಣ ನಿಂತಿದ್ದ. ಅವನು ತೋಟ ನೋಡಿಕೊಂಡು, ಬಿಡುವಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವನು. ಗಟ್ಟಿ ಆಳು.

"ನನ್ ತಂಗಿ ಕಾಣ್ತಿಲ್ಲ," ಎಂದ. "ಪೋಸ್ಟರ್ ಹಾಕ್ಬೇಕು. ಪೊಲೀಸರಿಗೂ ಫೋಟೋ ಬೇಕಂತೆ."

ನಡೆದದ್ದು ಇಷ್ಟು. ತವರಿಗೆ ಹೋಗಿ ಬರ್ತೀನಿ ಎಂದು ಗಂಡನಿಗೆ ಹೇಳಿ, ಒಂದು ಬ್ಯಾಗ್ ಹಿಡಿದು ಬೆಳಿಗ್ಗೆ ಮನೆಯಿಂದ ಹೊರಟಿದ್ದಾಳೆ. ತುಮಕೂರಿನ ಬಸ್ ಹತ್ತಿ, ಅಲ್ಲಿ ಇಳಿದು ಗುಬ್ಬಿಯ ಬಸ್ ಹಿಡಿಯಬೇಕು. ಗಂಡ ಒಂದು ಲಾರಿಯ ಟೈರ್ ಬಿಚ್ಚುತ್ತಿದ್ದವನು ತಲೆಯೆತ್ತಿ ನೋಡಿದನಂತೆ, ಅವಳು ಸ್ಟಾಪಿನಲ್ಲಿ ನಿಂತಿದ್ದಳಂತೆ. ಇನ್ನೊಂದು ಸಲ ನೋಡಿದಾಗ ಇರಲಿಲ್ಲ. ಬಸ್ ಹತ್ತಿರಬೇಕು ಅಂದುಕೊಂಡ. ಬಸ್ ಹತ್ತಿದ್ದನ್ನು ಕಂಡವರು ಯಾರೂ ಇಲ್ಲ. ಮೊಬೈಲ್ ಆಫ್ ಆಗಿತ್ತು. ಹಿಂದಿನ ದಿನ ಇಬ್ಬರಿಗೂ ಜಗಳವಾಗಿದ್ದರಿಂದ, ಮುನಿಸಿಕೊಂಡು ತವರಲ್ಲಿದ್ದಾಳೆ ಎಂದು ಅವನು ಮೂರು ದಿನ ಸುಮ್ಮನಿದ್ದ. ನಾಲ್ಕನೆಯ ದಿನ ಫೋನ್ ಮಾಡಿ, ಕಳಿಸಿಕೊಡಿ ಎಂದು ಅತ್ತೆಗೆ ಹೇಳಿದಾಗಲೇ ಅವಳು ಎರಡು ಮನೆಯಲ್ಲೂ ಇಲ್ಲ ಎಂದು ಗೊತ್ತಾದದ್ದು.

"ಜಗಳ ಆಡವ್ನೆ. ಮೂರು ದಿನ ಬಾಯಿ ಬಿಟ್ಟಿಲ್ಲ," ಎಂದ ಅಣ್ಣ. "ಅವ್ನೇ ಏನೋ ಮಾಡವ್ನೆ."

ನಾನು ಕಂಪ್ಯೂಟರ್ ಹಾಕಿ ಅವಳ ಹೆಸರು ಹುಡುಕಿದೆ. ಎರಡು ಫೈಲ್ ಬಂದವು. ಒಂದರಲ್ಲಿ ಕಲೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನಾನು ಕಲೆ ಇಲ್ಲದ್ದನ್ನು ತೆರೆದೆ. ಯಾಕೆ ಎಂದು ಈಗಲೂ ನನ್ನನ್ನು ಕೇಳಿಕೊಳ್ಳುತ್ತೇನೆ. ಯೋಚಿಸಿ ಮಾಡಿದ್ದರೆ ಉತ್ತರ ಸಿಗುತ್ತಿತ್ತು. ಯೋಚಿಸಲೇ ಇಲ್ಲ. ನನ್ನ ಕೈ ಅಷ್ಟು ವರ್ಷವೂ ಚೆಂದದ ಫೋಟೋವನ್ನೇ ಪ್ರಿಂಟಿಗೆ ಕಳಿಸುತ್ತಿತ್ತು, ಅವತ್ತೂ ಕಳಿಸಿತು. ಸ್ಕ್ರೀನಿನ ಮೇಲೆ ಮುಖ ಮೂಡಿದಾಗ ತಾಯಿ ಸೆರಗನ್ನು ಬಾಯಿಗೆ ಅದುಮಿಕೊಂಡು ಅತ್ತರು. ಅಷ್ಟು ಸಾಕಾಗಿತ್ತು ನನಗೆ, ಇದೇ ಸರಿಯಾದ ಫೋಟೋ ಎಂದುಕೊಳ್ಳಲು.

ಅಣ್ಣ ಹೇಳುತ್ತಾ ಹೋದ, ನಾನು ಟೈಪ್ ಮಾಡಿದೆ. ಎತ್ತರ, ಗೋಧಿ ಮೈಬಣ್ಣ, ಕೋಲು ಮುಖ, ಹಸಿರು ಸೀರೆ, ಕನ್ನಡ ಮಾತಾಡುತ್ತಾರೆ. ಕಲೆಯ ಮಾತು ಅವನ ಬಾಯಲ್ಲಿ ಬರಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ. ಪೊಲೀಸರ ಕಾಗದದಲ್ಲಿ ಗುರುತು ಎಂದು ಅದನ್ನು ಬರೆಸಿದ್ದರಂತೆ. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ಅದು ಇರಲಿಲ್ಲ. ಗೊತ್ತಿದ್ದ ನಾನೂ ಕೇಳಲಿಲ್ಲ.

ಆ ವಾರ ಗುಬ್ಬಿ, ತುಮಕೂರು, ಕುಣಿಗಲ್ ಬಸ್ ನಿಲ್ದಾಣಗಳಲ್ಲಿ ಪೋಸ್ಟರ್ ಅಂಟಿಸಿದರು. ನನ್ನ ಕೈಯಿಂದ ಬಂದ ಮುಖ ಎಲ್ಲ ಕಡೆ ಕಾಣಿಸುತ್ತಿತ್ತು.

ಆಮೇಲೆ ಬರೀ ಅದೇ ಮಾತು. ಸ್ಟುಡಿಯೋಗೆ ಬಂದವರೆಲ್ಲ ಒಂದೊಂದು ಹೇಳುವವರು. ಗಂಡನ ಪಂಕ್ಚರ್ ಅಂಗಡಿಯ ಹಿಂದೆ ಪಾಳು ಬಾವಿ ಇದೆಯಂತೆ, ಅದರ ಹತ್ತಿರ ಹೊಸ ಮಣ್ಣು ಬಿದ್ದಿದೆಯಂತೆ. ಮಕ್ಕಳಾಗಲಿಲ್ಲ ಎಂದು ಹೊಡೆಯುತ್ತಿದ್ದನಂತೆ. ಅವನ ಅಂಗಡಿಯಲ್ಲಿ ಟೈರ್ ಸುಟ್ಟ ವಾಸನೆ ಬಂದಿತ್ತಂತೆ. ಪಂಕ್ಚರ್ ಅಂಗಡಿಯಲ್ಲಿ ರಬ್ಬರ್ ಸುಟ್ಟ ವಾಸನೆ ಬಾರದೆ ಇನ್ನೇನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಟಿವಿಯಲ್ಲಿ ದಿನಾ ಅಪರಾಧದ ಕಾರ್ಯಕ್ರಮ ನೋಡುತ್ತಿದ್ದ ನಾನು ಎಲ್ಲರಿಗಿಂತ ಮುಂದಿದ್ದೆ. "ಗಂಡನೇ ಬುಡಿ. ಎಲ್ಲಾ ಕೇಸಲ್ಲೂ ಗಂಡನೇ" ಎಂದು ಗಿರಾಕಿಗಳಿಗೆ ತಿಳಿದವಳಂತೆ ಹೇಳುತ್ತಿದ್ದೆ. ಒಬ್ಬ ಹೆಂಗಸಿನ ಸಾವನ್ನು, ಸತ್ತಿದ್ದಾಳೋ ಇಲ್ಲವೋ ಎಂದೂ ಗೊತ್ತಿಲ್ಲದ ಸಾವನ್ನು, ನಾವೆಲ್ಲ ಸೇರಿ ಟೀ ಜೊತೆಗೆ ಕುಡಿಯುತ್ತಿದ್ದೆವು.

ಪೊಲೀಸರು ಬಾವಿಯನ್ನು ಎರಡು ದಿನ ಜಾಲಾಡಿದರು. ಹಳೆಯ ಟ್ಯೂಬುಗಳು, ಒಂದು ಬಿಂದಿಗೆ ಸಿಕ್ಕಿದವು. ತುಮಕೂರು ಹತ್ತಿರದ ಕೋರದ ಕಡೆ ಒಂದು ಕಾಲುವೆಯಲ್ಲಿ ಯಾರದೋ ಹೆಣ ಸಿಕ್ಕಿದೆ ಎಂದು ಅಣ್ಣನನ್ನು ಕರೆದುಕೊಂಡು ಹೋಗಿ ತೋರಿಸಿದರು. ಅವಳಲ್ಲ. ಗಂಡನನ್ನು ಮತ್ತೆ ಮತ್ತೆ ಠಾಣೆಗೆ ಕರೆಸಿದರು, ಬಿಟ್ಟರು.

ಸುಮಾರು ಒಂದು ತಿಂಗಳಾದ ಮೇಲೆ, ಮಧ್ಯಾಹ್ನದ ಹೊತ್ತು, ಆ ಗಂಡನೇ ಸ್ಟುಡಿಯೋಗೆ ಬಂದ. ಓನರ್ ಇರಲಿಲ್ಲ. ಅವನನ್ನು ನಾನು ಪೇಪರಿನಲ್ಲಿ ನೋಡಿದ್ದೆ. ಗಡ್ಡ ಬೆಳೆದಿತ್ತು. ಉಗುರು ಸಂದಿಯಲ್ಲೆಲ್ಲ ಗ್ರೀಸ್ ಕಪ್ಪು. ಕೈಯಲ್ಲಿ ಸುರುಳಿ ಸುತ್ತಿದ ಪೋಸ್ಟರ್ ಇತ್ತು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟ.

"ಅಕ್ಕ, ಇದು ಮಾಡಿದ್ದು ನೀವೇನಾ?"

"ಹೌದು. ಯಾಕೆ?"

"ಇದ್ರಲ್ಲಿ ಅವ್ಳು ಅವ್ಳ ಥರ ಇಲ್ಲ. ಕೆನ್ನೆ ಮೇಲೆ ಕಲೆ ಇಲ್ಲ. ಅದು ಇರೋ ಫೋಟೋ ಹಾಕಿ ಇನ್ನೊಂದ್ ಸಲ ಮಾಡ್ಕೊಡಿ. ಜನಕ್ಕೆ ಗುರ್ತು ಸಿಗೋದು ಅದ್ರಿಂದ್ಲೇ."

"ನಿಮ್ಮತ್ರ ಇದ್ರೆ ಕೊಡಿ, ಮಾಡ್ಕೊಡ್ತೀನಿ."

"ನನ್ನತ್ರ ಇಲ್ಲ ಅಕ್ಕ. ಎಲ್ಲಾ ಫೋಟೋದಲ್ಲೂ ಮುಖ ತಿರುಗುಸ್ಕೊಂಡವ್ಳೆ. ಮದ್ವೆ ಆಲ್ಬಮ್ ಪೂರ್ತಿ ನೋಡ್ದೆ, ಒಂದ್ರಲ್ಲೂ ಇಲ್ಲ. ತಿದ್ದೋಕ್ ಮುಂಚಿನದು ನಿಮ್ಮತ್ರ ಇರ್ತದೆ ಅಂತ ಅವ್ಳೇ ಒಂದಿನ ಹೇಳಿದ್ಲು."

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಹೆಚ್ಚಾಗಿ, ಸಿಕ್ಕಿಬಿದ್ದ ಎನ್ನುವ ಒಂದು ಥರದ ಸಂಭ್ರಮ ಇತ್ತು. ಕೊಂದವನೇ ಹುಡುಕುವ ನಾಟಕವಾಡುತ್ತಾನೆ ಎಂದು ಟಿವಿಯಲ್ಲಿ ಎಷ್ಟು ಸಲ ಕೇಳಿರಲಿಲ್ಲ. ಅಂಟಿಸಿದ ಪೋಸ್ಟರ್ ತೆಗೆಸಲು, ಜನರ ಗಮನ ತಪ್ಪಿಸಲು ಬಂದಿದ್ದಾನೆ ಎಂದುಕೊಂಡೆ. ಕಂಪ್ಯೂಟರಿನ ಕಡೆ ಮುಖ ಮಾಡಿ ಹೇಳಿದೆ:

"ಅದು ಅಳ್ಸೋಗಿದೆ. ಇಲ್ಲ."

"ಒಂದ್ಸಲ ನೋಡಿ ಅಕ್ಕ."

"ಇಲ್ಲ ಅಂದ್ನಲ್ಲ."

ಅವನು ಪೋಸ್ಟರ್ ಸುತ್ತಿಕೊಂಡು ಇಳಿದು ಹೋದ. ನಾನು ಕೂಡಲೇ ಅವಳ ಅಣ್ಣನಿಗೆ ಫೋನ್ ಮಾಡಿದೆ. ಪೇಟೆಯಲ್ಲೇ ಇದ್ದವನು ಇಬ್ಬರು ನೆಂಟರನ್ನು ಕರೆದುಕೊಂಡು ಹತ್ತು ನಿಮಿಷದಲ್ಲಿ ಬಂದ. ಸ್ಟುಡಿಯೋದ ಕಿಟಕಿಯಿಂದ ನಿಲ್ದಾಣ ಪೂರ್ತಿ ಕಾಣುತ್ತಿತ್ತು. ಅವಳ ಗಂಡ ತುಮಕೂರಿನ ಬಸ್ಸಿಗೆ ಕಾಯುತ್ತಾ ಕಂಬದ ಪಕ್ಕ ನಿಂತಿದ್ದ. ಮೊದಲ ಏಟು ಬಿದ್ದಾಗ ಪೋಸ್ಟರ್ ಕೆಳಗೆ ಬಿತ್ತು. ಅವನು ಕೈಯೆತ್ತಿ ತಡೆಯಲಿಲ್ಲ, ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದ. ಆಗ ಬೆನ್ನಿನ ಮೇಲೆ ಒದ್ದರು. ಜನ ಸೇರಿದರು. ಬಿಡಿಸಲು ಹೋದವರಿಗಿಂತ ನಾನೂ ಒಂದು ಎಂದು ಕೈ ಸೇರಿಸಿದವರು ಜಾಸ್ತಿ. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ನೋಡಲು ಕಷ್ಟವಾಯಿತು. ಆದರೂ ಮಾಡಿದ್ದುಣ್ಣೋ ಮಹರಾಯ ಎನ್ನುವ ಮಾತು ಮನಸ್ಸಿನಲ್ಲಿ ಬಂತು. ಅದನ್ನು ಬರೆಯದೆ ಬಿಟ್ಟರೆ ಈ ನೆನಪು ಪೂರ್ತಿಯಾಗುವುದಿಲ್ಲ.

ಫೋಟೋ ಬದಲಿಸಲು ಯಾಕೆ ಹೋಗಿದ್ದೆ ಎಂದು ಪೊಲೀಸರು ಮತ್ತೆ ಅವನನ್ನು ಕರೆಸಿ ಕೇಳಿದರಂತೆ. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಅಲ್ಲೂ ಅಳಿಸಿಹೋಗಿದೆ ಎಂದೇ ಹೇಳಿದೆ. ಒಂದು ಸಲ ಹೇಳಿದ ಸುಳ್ಳನ್ನು ಎರಡನೆಯ ಸಲ ಹೇಳುವುದು ಸುಲಭವಾಗಿತ್ತು. ಅವನ ಅಂಗಡಿಗೆ ಊರಿನವರು ಗಾಡಿ ತರುವುದು ನಿಲ್ಲಿಸಿದರು ಎಂದು ಆಮೇಲೆ ಕೇಳಿದೆ.

ಎಂಟು ತಿಂಗಳು ಹೋಯಿತು. ಪೋಸ್ಟರುಗಳು ಮಳೆಗೆ ನೆನೆದು, ಬೇರೆಯವರ ಪೋಸ್ಟರುಗಳ ಅಡಿ ಸೇರಿದವು. ಅಣ್ಣ ತಿರುಗಿ ತಿರುಗಿ ಸೋತಿದ್ದ. ತಾಯಿ ಮಾತ್ರ ವಾರಕ್ಕೊಂದು ಸಲ ಸ್ಟುಡಿಯೋಗೆ ಬರುತ್ತಿದ್ದರು. ಒಂದು ದಿನ, ಕುಣಿಗಲ್‌ನಲ್ಲಿ ಇನ್ನೊಂದು ಸಲ ಪೋಸ್ಟರ್ ಅಂಟಿಸಿ ಬರಬೇಕು, ನನಗೆ ಓದು ಬರಲ್ಲ, ಜೊತೆಗೆ ಬರ್ತೀಯಾ ಎಂದು ಕೇಳಿದರು. ಕುಣಿಗಲ್‌ನಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ಭಾನುವಾರ ಇಬ್ಬರೂ ಹೊರಟೆವು.

ನಿಲ್ದಾಣದಲ್ಲಿ ಹೆಂಗಸರು ಕೂರುವ ಬೆಂಚಿನ ಹಿಂದಿನ ಗೋಡೆಗೆ ನಾನು ಪೋಸ್ಟರ್ ಅಂಟಿಸುತ್ತಿದ್ದೆ. ಅಲ್ಲೇ ಬುಟ್ಟಿ ಇಟ್ಟುಕೊಂಡು ಹೂವು ಕಟ್ಟುತ್ತಿದ್ದ ಹೆಂಗಸು ನೋಡುತ್ತಿದ್ದವಳು ಕೇಳಿದಳು:

"ಇನ್ನೂ ಸಿಕ್ಕಿಲ್ವಾ ಈ ಹುಡ್ಗಿ? ಹೋದ್ ವರ್ಸಾನೂ ಇಲ್ಲೇ ಅಂಟ್ಸಿದ್ರಿ."

"ಇಲ್ಲ ಕಣವ್ವ. ನನ್ ಮಗಳು," ಎಂದರು ತಾಯಿ.

ಹೂವಿನವಳು ದಾರ ಕೆಳಗಿಟ್ಟಳು. "ಆವಾಗ ಅಂಟ್ಸಿ ಹೋದ್ಮೇಲೆ ಇಲ್ಲಿ ಒಬ್ಳು ಹೆಂಗ್ಸು ಬಂದ್ ಕೂತ್ಲು. ಅವತ್ತೂ ಕೂತಿದ್ಲು, ಮಾರ್ನೇ ದಿನಾನೂ ಬಂದ್ ಕೂತ್ಲು. ಒಂದು ಬ್ಯಾಗು, ಸೆರಗು ಹೊದ್ಕೊಂಡಿದ್ಲು. ನಂಗೂ ಒಂದ್ಗಳಿಗೆ ಇವಳೇ ಏನೋ ಅನ್ನಿಸ್ತು. ಹತ್ರ ಹೋಗಿ ನೋಡ್ದೆ. ಅಲ್ಲ ಬುಡು ಅಂತ ಸುಮ್ನಾದೆ."

"ಯಾಕೆ?" ಎಂದೆ ನಾನು. ಕೈಯಲ್ಲಿ ಗೋಂದಿನ ಡಬ್ಬಿ ಇತ್ತು.

"ಆ ಹೆಂಗ್ಸಿಗೆ ಇಲ್ಲಿ ಸುಟ್ಟಿರೋ ಕಲೆ ಇತ್ತು ತಾಯಿ," ಎಂದು ತನ್ನ ಎಡಗಿವಿಯ ಕೆಳಗೆ ಬೆರಳಿಟ್ಟು ತೋರಿಸಿದಳು. "ಫೋಟೋದಲ್ಲಿ ಇರೋಳಿಗೆ ಇಲ್ವಲ್ಲ."

ತಾಯಿ ಬೆಂಚಿನ ಮೇಲೆ ಕೂತುಬಿಟ್ಟರು. ಹೂವಿನವಳು ಮುಂದುವರಿಸುತ್ತಲೇ ಇದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. "ಅವ್ಳೂ ಎದ್ ನಿಂತ್ಕೊಂಡು ಈ ಪೋಸ್ಟ್ರ್ ನೋಡಿದ್ಲು. ತುಂಬಾ ಹೊತ್ತು ನೋಡಿದ್ಲು. ಆಮೇಲೆ ಮದ್ದೂರ್ ಬಸ್ಸೋ, ಮೈಸೂರ್ ಬಸ್ಸೋ ಹತ್ತುದ್ಲು. ನಾನೇ ಒಂದ್ ಮೊಳ ಹೂವ ಕೊಟ್ಟೆ. ಮುಡ್ಕೊಳ್ಲಿಲ್ಲ, ಕೈಯಲ್ಲೇ ಹಿಡ್ಕೊಂಡ್ಲು."

ಸೀರೆ ಯಾವ ಬಣ್ಣ ಎಂದು ಕೇಳಿದೆ. ಹಸಿರು ಅಂತ ನೆನಪು, ಆಣೆ ಮಾಡಿ ಹೇಳಕ್ಕಾಗಲ್ಲ ಎಂದಳು.

ಗೋಡೆಯ ಮೇಲೆ ಅರ್ಧ ಅಂಟಿಸಿದ್ದ ಪೋಸ್ಟರ್ ಕಳಚಿ ಬೆಂಚಿನ ಹಿಂದೆ ಬಿತ್ತು. ನಾನು ಎತ್ತಿಕೊಳ್ಳಲಿಲ್ಲ. ಆ ತಾಯಿಯ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಎರಡು ಫೋಟೋ ಇದ್ದವು, ನಾನು ಚೆಂದದ್ದನ್ನು ಹಾಕಿದೆ. ಅಳಿಯ ಬಂದು ಕೇಳಿದಾಗ ಇದ್ದದ್ದನ್ನು ಇಲ್ಲ ಎಂದೆ. ಪೊಲೀಸರಿಗೂ ಇಲ್ಲ ಎಂದೆ. ಹೇಳುವಾಗ ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳುತ್ತಿತ್ತು. ಬಯ್ಯಲಿ ಎಂದು ಕಾಯುತ್ತಿದ್ದೆ. ಅವರು ಬಯ್ಯಲಿಲ್ಲ.

"ಕಾಣ್ದಂಗೆ ಮಾಡು ಅಂತ ಹೇಳಿದ್ದು ನಾನೇ ಅಲ್ವೇನವ್ವ," ಎಂದರು. ಆಮೇಲೆ, "ಅಳೀಮಯ್ಯನ್ನ ಹೊಡ್ಸಿದ್ವಲ್ಲ," ಎಂದರು. ಮುಂದಿನ ಬಸ್ಸಿಗೆ ತುಮಕೂರಿನ ಕಡೆ ಹೊರಟೆವು.

ಮಾರನೆಯ ದಿನ ಕಲೆ ಇದ್ದ ಫೋಟೋ ಪ್ರಿಂಟ್ ಹಾಕಿ ಅಣ್ಣನ ಕೈಗೆ ಕೊಟ್ಟೆ. ಅವನು ಎಲ್ಲ ಕೇಳಿಸಿಕೊಂಡು ತನ್ನ ಕೈಯನ್ನೇ ನೋಡಿಕೊಂಡ. "ಇದ್ನ ಊರಲ್ಲಿ ಯಾರ್ಗೂ ಹೇಳ್ಬ್ಯಾಡ," ಎಂದ. ನನಗಾಗಿ ಹೇಳಿದನೋ ತನಗಾಗಿ ಹೇಳಿದನೋ ತಿಳಿಯಲಿಲ್ಲ. ನಾವಿಬ್ಬರೂ ಒಟ್ಟಿಗೆ ಪೊಲೀಸರ ಹತ್ತಿರ ಹೋಗಿ ಹೇಳಿಕೆ ತಿದ್ದಿಸಿದೆವು. ಅಲ್ಲಿದ್ದವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹೂವಿನವಳ ಮಾತನ್ನು ಬರೆದುಕೊಂಡರು. ನಿಲ್ದಾಣದ ಕ್ಯಾಮೆರಾದಲ್ಲಿ ಅಷ್ಟು ಹಳೆಯದು ಉಳಿದಿರಲಿಲ್ಲ. ಹೊಸ ಪೋಸ್ಟರ್ ಮಾಡಿದೆವು, ಮಂಡ್ಯ, ಮೈಸೂರಿನವರೆಗೂ ಅಂಟಿಸಿದರು. ಮದ್ದೂರಿನಿಂದ ಒಬ್ಬರು ಫೋನ್ ಮಾಡಿದರು. ಅಣ್ಣ ಓಡಿ ಹೋದ. ಅಲ್ಲಿ ಕಲೆ ಇದ್ದ ಹೆಂಗಸು ಬೇರೆ ಯಾರೋ.

ಕುಣಿಗಲ್‌ನಲ್ಲಿ ಕೂತಿದ್ದವಳು ಅವಳೇ ಎಂದು ಹೇಳಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಅವಳೇ ಆಗಿದ್ದರೆ, ಪೋಸ್ಟರ್ ಅಂಟಿಸಿದ ಮಾರನೆಯ ದಿನವೂ ಬದುಕಿದ್ದಳು, ಗಂಡ ಕೊಂದಿರಲಿಲ್ಲ, ಪೋಸ್ಟರಿನಲ್ಲಿ ಅಣ್ಣನ ನಂಬರ್ ನೋಡಿಯೂ ಫೋನ್ ಮಾಡಲಿಲ್ಲ. ಹೋಗಬೇಕೆಂದೇ ಹೋದವಳನ್ನು ಹುಡುಕಿ ತರುವುದು ಸರಿಯೇ ಎಂದು ಒಂದೊಂದು ಸಲ ಅನ್ನಿಸುತ್ತದೆ. ಆಮೇಲೆ ಅವಳ ತಾಯಿಯ ಮುಖ ನೆನಪಾಗುತ್ತದೆ. ಬದುಕಿದ್ದಾಳೆ ಎಂದು ಒಂದು ಮಾತು ಸಿಕ್ಕಿದ್ದರೂ ಆ ಹೆಂಗಸು ನೆಮ್ಮದಿಯಾಗಿ ಒಂದು ತುತ್ತು ಉಣ್ಣುತ್ತಿದ್ದರು. ಇನ್ನೊಂದು ಮಾತೂ ಇದೆ. ಗೋಡೆಯ ಮೇಲೆ ತನ್ನನ್ನು ಹುಡುಕುತ್ತಿದ್ದ ಪೋಸ್ಟರಿನಲ್ಲೂ ತನ್ನ ಮುಖ ಇರಲಿಲ್ಲವಲ್ಲ, ಅದನ್ನು ನೋಡಿ ಅವಳಿಗೆ ಏನನ್ನಿಸಿರಬಹುದು. ಅದನ್ನು ಯೋಚಿಸಲು ನನಗೆ ಧೈರ್ಯ ಸಾಲುವುದಿಲ್ಲ.

ಆಮೇಲೆ ನನ್ನ ಮದುವೆಯಾಯಿತು. ತುಮಕೂರಿನ ಉಪ್ಪಾರಹಳ್ಳಿಗೆ ಬಂದೆ. ಈಗ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತೇನೆ. ಮುಖ ತಿದ್ದುವ ಕೆಲಸವಿದ್ದರೆ ಪಕ್ಕದವರಿಗೆ ಕೊಡುತ್ತೇನೆ.

ಅವಳ ಗಂಡನನ್ನು ಕಂಡು ಎಲ್ಲ ಹೇಳಬೇಕು ಎನ್ನುವುದು ಮನಸ್ಸಿನಲ್ಲಿ ಇದ್ದೇ ಇತ್ತು. ಇವತ್ತು ನಾಳೆ ಎಂದು ಎರಡು ವರ್ಷ ತಳ್ಳಿದೆ. ಕೊನೆಗೊಂದು ದಿನ ರಜೆ ಹಾಕಿ ಅವನ ಊರಿಗೆ ಹೋದೆ. ಪಂಕ್ಚರ್ ಅಂಗಡಿಗೆ ಬೀಗ ಬಿದ್ದು, ತಗಡು ತುಕ್ಕು ಹಿಡಿದಿತ್ತು. ಎದುರು ಮನೆಯವರು, ಅವನು ತುಮಕೂರಿಗೆ ಹೋದ, ಶೆಟ್ಟಿಹಳ್ಳಿ ಹತ್ತಿರ ಯಾವುದೋ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ ಎಂದರು. ಅಷ್ಟು ದಿನವೂ ಅವನು ನನ್ನ ಮನೆಯಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲೇ ಇದ್ದ.

ಮಾರನೆಯ ದಿನ ಹೋದೆ. ಅವನು ಒಂದು ಕಾರಿನ ಚಕ್ರ ನೀರಿನ ತೊಟ್ಟಿಯಲ್ಲಿ ಅದ್ದಿ, ಗಾಳಿಯ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದ. ನನ್ನ ಗುರುತು ಅವನಿಗೆ ತಕ್ಷಣ ಸಿಕ್ಕಿತು. ಕೈ ಒರೆಸಿಕೊಂಡು ಎದ್ದು ಬಂದ. ಅಂಗಡಿಯ ಪಕ್ಕದ ಮರದಡಿ ನಿಂತೆವು. ನಾನು ಹೇಳಲು ಬಂದದ್ದನ್ನು ಹೇಳಿದೆ. ಫೋಟೋ ಇತ್ತು, ಸುಳ್ಳು ಹೇಳಿದೆ, ನಾನೇ ಫೋನ್ ಮಾಡಿ ಅವರನ್ನು ಕರೆಸಿದೆ.

"ಗೊತ್ತಿತ್ತು ಅಕ್ಕ," ಎಂದ.

"ಏನು ಗೊತ್ತಿತ್ತು?"

"ಫೋಟೋ ಇತ್ತು ಅಂತ. ಇಲ್ಲ ಅನ್ನುವಾಗ ನೀವು ನನ್ ಕಡೆ ನೋಡ್ಲಿಲ್ಲ."

ಕ್ಷಮಿಸಿ ಎಂದೆ. ನಾನು ಕೇಳದಿದ್ದರೂ ಜಗಳದ ವಿಷಯ ಅವನೇ ತೆಗೆದ.

"ನಮ್ ಅಕ್ಕನ ಮನೆ ಗೃಹಪ್ರವೇಶ ಇತ್ತು. ಎಲ್ರೂ ಫೋಟೋಗೆ ನಿಂತ್ರೆ ಇವ್ಳು ಬರ್ಲೇ ಇಲ್ಲ. ಮನೆಗ್ ಬಂದು, ನಿನ್ ಮುಖ ಯಾರ್ ನೋಡ್ತಾರೆ ಬಿಡೇ, ನಿಂತ್ಕೊಂಡಿದ್ರೆ ಏನಾಗ್ತಿತ್ತು ಅಂದ್ಬಿಟ್ಟೆ. ಯಾರೂ ಅದ್ನೆಲ್ಲಾ ಗಮನ್ಸಲ್ಲ ಅನ್ನೋ ಅರ್ಥದಲ್ಲಿ ಅಂದೆ ಅಕ್ಕ. ಅವ್ಳಿಗೆ ಬೇರೆ ಥರ ಕೇಳುಸ್ತು. ಬೆಳಿಗ್ಗೆ ಹೇಳಣ ಅಂತಿದ್ದೆ. ಬೆಳಿಗ್ಗೆ ಲಾರಿ ಬಂತು."

ಇದನ್ನು ಅವನು ನಿಜವೇ ಹೇಳಿದನೆ? ನಾನು ನಂಬಿದೆ. ಆದರೆ ಒಂದು ಕಾಲದಲ್ಲಿ ಅವನೇ ಕೊಂದ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ನಂಬಿದ್ದವಳು ನಾನು. ನನ್ನ ನಂಬಿಕೆಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಾಗಿದೆ. ಹೊರಡುವ ಮೊದಲು, ಬ್ಯಾಗಿನಲ್ಲಿ ತಂದಿದ್ದ ಫೋಟೋ ಕೊಟ್ಟೆ. ಅವನು ಅದನ್ನು ಅಂಗೈಯ ಗ್ರೀಸ್ ತಾಗದಂತೆ ಎರಡು ಬೆರಳ ತುದಿಯಲ್ಲಿ ಹಿಡಿದು ನೋಡಿದ. ಒಳಗೆ ಯಾರೋ ಕರೆದರು. ಶರ್ಟಿನ ಜೇಬಿಗಿಟ್ಟುಕೊಂಡು ಹೋದ.

ಕಳೆದ ವರ್ಷ ಅವಳ ತಾಯಿ ಒಬ್ಬರೇ ಬಸ್ ಹತ್ತಿ ಉಪ್ಪಾರಹಳ್ಳಿಗೆ ಬಂದರು. ಕೈಯಲ್ಲಿ ಪೊಲೀಸರು ಕಳಿಸಿದ ಒಂದು ಕಾಗದ. ಮಗ ಓದಿ ಹೇಳಿದ್ದಾನೆ, ಆದರೆ ಅವನು ಪೂರ್ತಿ ಹೇಳಿಲ್ಲ ಎಂದು ಅವರಿಗೆ ಅನುಮಾನ. ನಾನು ಓದಿದೆ. ಪತ್ತೆಯಾಗಿಲ್ಲ, ಪತ್ತೆಗೆ ಸುಳಿವಿಲ್ಲ, ಆದ್ದರಿಂದ ಮುಕ್ತಾಯ ಎಂದಿತ್ತು. ಆಕ್ಷೇಪಣೆ ಇದ್ದರೆ ತಿಳಿಸಬಹುದು ಎಂದೂ ಇತ್ತು.

"ಅಂದ್ರೆ ಇನ್ನು ಹುಡುಕಲ್ವಾ?" ಎಂದರು.

"ಏನಾದ್ರೂ ಸುಳಿವು ಸಿಕ್ಕಿದ್ರೆ ಮತ್ತೆ ತೆಗೀತಾರಂತೆ ಅಮ್ಮ."

"ಹುಡುಕ್ದೆ ಹೆಂಗ್ ಸಿಕ್ತದೆ?"

ಊಟ ಬಡಿಸಿದೆ. ಅರ್ಧ ಉಂಡು ಕೈ ತೊಳೆದರು. "ನಾನು ಒಪ್ಪಲ್ಲ ಅಂತ ಬರಿ," ಎಂದರು. ನಾನು ಬಿಳಿ ಹಾಳೆಯಲ್ಲಿ ಬರೆದು, ಎರಡು ಸಲ ಓದಿ ಹೇಳಿದೆ. ಅವರು ಹೆಬ್ಬೆಟ್ಟು ಒತ್ತಿದರು. ಬೆರಳ ಮಸಿಯನ್ನು ನೀರಿನಲ್ಲಿ ಉಜ್ಜುತ್ತಾ, "ಅಳೀಮಯ್ಯ ಹೆಂಗವ್ನೆ?" ಎಂದು ಕೇಳಿದರು. ಚೆನ್ನಾಗಿದ್ದಾರೆ, ಇನ್ನೊಂದು ಮದುವೆ ಆಗಿಲ್ಲ ಎಂದೆ. ಒಂದು ದಿನ ಕರೆದುಕೊಂಡು ಹೋಗು ಎಂದರು. ಹೂಂ ಎಂದೆ. ಇನ್ನೂ ಕರೆದುಕೊಂಡು ಹೋಗಿಲ್ಲ.

ಅವರನ್ನು ಗುಬ್ಬಿ ಬಸ್ಸಿಗೆ ಹತ್ತಿಸಿದ ಮೇಲೆ ಆ ಅರ್ಜಿಯನ್ನು ಕಾಗದದಲ್ಲಿ ಹೇಳಿದ್ದ ಕಚೇರಿಗೆ ನಾನೇ ಒಯ್ದು ಕೊಟ್ಟೆ. ಕೌಂಟರಿನಲ್ಲಿದ್ದವರು ಸೀಲ್ ಹಾಕಿ ನಕಲು ಪ್ರತಿ ಹಿಂದಕ್ಕೆ ಕೊಟ್ಟರು. ಇಲ್ಲಿಯವರೆಗೆ ಉತ್ತರ ಬಂದಿಲ್ಲ. ತಿಂಗಳಿಗೊಂದೆರಡು ಸಲ ಆ ತಾಯಿ ಫೋನ್ ಮಾಡಿ, "ಏನಾದ್ರೂ ಬಂತಾ ಮಗ?" ಎಂದು ಕೇಳುತ್ತಾರೆ. ಇಲ್ಲ ಅಮ್ಮ ಎನ್ನುತ್ತೇನೆ. ಆಗಲಿ ಎಂದು ಹೇಳಿ, ನನ್ನ ಮಕ್ಕಳು ಊಟ ಮಾಡಿದರಾ ಎಂದು ಕೇಳಿ ಇಡುತ್ತಾರೆ.